ಮನೆಯಲ್ಲಿ ಸಾಕುವ ಇಲಿ

ಇಲಿಯನ್ನು ಕುರಿತು ಬಾನುಲಿಯಲ್ಲಿ ಮಾತನಾಡಲಿರುವೆನೆಂದು ತಿಳಿಸಿದಾಗ ನನ್ನ ಮಿತ್ರರೊಬ್ಬರು ಬಹಳ ಸಂತೋಷಪಟ್ಟು, “ಈಗ ಸಿಕ್ಕುವ ಪಾಷಾಣಗಳಲ್ಲಿ ಯಾವುದು ಮೇಲೆಂಬುದನ್ನು ಮರೆಯದೆ ಹೇಳಿ” ಎಂದರು. ನಾನು ಹೇಳಹೊರಟಿರುವುದು ಇಲಿಯನ್ನು ಕೊಲ್ಲುವ ವಿಚಾರವಲ್ಲ, ಸಾಕುವ ವಿಚಾರ ಎಂದೊಡನೆ ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಮಾತನ್ನು ಮಳೆಯ ಕಡೆಗೆ ತಿರುಗಿಸಿದರು. ಶ್ರೋತೃಗಳಲ್ಲಿಯೂ ಕೆಲವರಿಗೆ ಈಗ ಹಾಗೆಯೇ ಅನ್ನಿಸಿರಬಹುದು. ಅವರನ್ನು ನಾನು ಆಕ್ಷೇಪಿಸಲಾರೆ. ವಿಘ್ನೇಶ್ವರನ ಪಾದದ ಬಳಿ ಮೂಷಿಕಕ್ಕೆ ಕೈಮುಗಿದು, ಅಡಿಗೆಮನೆಯಲ್ಲಿ ಅದಕ್ಕೆ ಬೋನು ಇಡುವವರು ನಾವು. ಈ ಎರಡು ಕೆಲಸಗಳ ನಡುವೆ ಮೂರನೆಯದೊಂದಕ್ಕೆ ಎಡೆಯುಂಟೆಂಬುದು ನನಗೂ ಬಹುಕಾಲ ಹೊಳೆದಿರಲಿಲ್ಲ.

ನಮ್ಮಲ್ಲಿ ಇಲಿಯ ಮೇಲಿನ ಹಗೆ ಸುಮ್ಮನೆ ಹುಟ್ಟಿದ್ದಲ್ಲ. ೧೮೯೮ನೆಯ ಇಸವಿಯ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಅಲ್ಲಿಂದ ಮುಂದೆ ಕೆಲವು ದಶಕಗಳ ಕಾಲ “ಇಲಿ ಬಿತ್ತು” ಎಂಬ ಎರಡೇ ಮಾತು ಮೈಸೂರು ಸೀಮೆಯ ಯಾವ ಬೀದಿಯನ್ನಾದರೂ ಬರಿದುಮಾಡಬಲ್ಲದ್ದಾಗಿತ್ತು. ಅಟ್ಟದಿಂದ ಒಂದು ಇಲಿ ತಾನೇ ತಾನಾಗಿ ಉರುಳಿಬಿದ್ದು ಸತ್ತಿತೆಂದರೆ, ಮನೆಗೆ ಬೀಗ ಹಾಕಿ, ಹಾಸಿಗೆ ಪಾತ್ರೆಗಳನ್ನು ಗಾಡಿಗೆ ಹೇರಿ, ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರುವುದು ವಾಡಿಕೆ. ನಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಹಾಗೆ ಗುಡಿಸಲಲ್ಲಿ ಇದ್ದವರು. ಮುಪ್ಪಿನಲ್ಲಿಯೂ ಮನೆಯ ಮೂಲೆಯಲ್ಲಿ ಸತ್ತ ಇಲಿಯೊಂದು ಕಂಡರೆ ಆ ದಿನವೆಲ್ಲಾ ಆಕೆ ಮಾತನಾಡುತ್ತಿರಲಿಲ್ಲ. ಪ್ಲೇಗು ಬೆಂಗಳೂರನ್ನು ಮುಟ್ಟಿದ ಆ ವರ್ಷವೇ ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪರೀಕ್ಷೆ ನಡೆಸಿ, ರೋಗವನ್ನು ದಾಟಿಸತಕ್ಕದ್ದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಹಿಡಿದನು. ಆದರೆ ಕೆಲವು ವರ್ಷಗಳವರೆಗೆ ಅದನ್ನು ನಂಬಿದವರು ಕಡಮೆ. ಇಲಿ ಆ ರೋಗವನ್ನು ಹೊತ್ತು ತಂದದ್ದು ನಿಜ. ನಮಗಿಂತ ಮೊದಲು ಅದರಿಂದ ಸತ್ತದ್ದೂ ನಿಜ. ಎರಡನೆಯದನ್ನು ನೆನೆಯುವಷ್ಟು ಸಮಾಧಾನ ಆ ಕಾಲದವರಿಗೆ ಇರಲಿಲ್ಲ. ಇರಬೇಕಾಗಿತ್ತೆಂದು ನಾನು ಹೇಳುವುದೂ ಇಲ್ಲ.

ಇಲ್ಲಿ ಒಂದು ವಿವೇಚನೆ ಅವಶ್ಯಕ. ಇಲಿಯೆಂದು ನಾವು ಕರೆಯುವುದು ಒಂದೇ ಪ್ರಾಣಿಯಲ್ಲ. ನಮ್ಮ ಅಟ್ಟಗಳಲ್ಲಿ ಓಡಾಡುವ, ಮೈಗಿಂತ ಬಾಲ ಉದ್ದವಾದ ಇಲಿ ಈ ನಾಡಿನದೇ. ಪ್ಲೇಗಿನ ಚಿಗಟಕ್ಕೆ ಹೆಚ್ಚಾಗಿ ಆಶ್ರಯವಿತ್ತದ್ದು ಅದು. ಚರಂಡಿ ಕೊರೆಯುವ ಹೆಗ್ಗಣ ಬೇರೆಯ ಕುಲ; ತೆಲುಗರು ಅದನ್ನು ಪಂದಿಕೊಕ್ಕು ಎನ್ನುತ್ತಾರೆ, ಇಂಗ್ಲಿಷಿನವರು ಆ ಮಾತನ್ನೇ ಬ್ಯಾಂಡಿಕೂಟ್ ಮಾಡಿಕೊಂಡರು. ಸಾಕುವ ಇಲಿ ಇವೆರಡೂ ಅಲ್ಲದ ಮೂರನೆಯದು, ಕಂದು ಇಲಿಯ ವಂಶ. ಅದರ ಮೂಲಸ್ಥಾನ ಉತ್ತರ ಚೀನಾ ಮತ್ತು ಮಂಗೋಲಿಯಾಗಳ ಬಯಲು. ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನಲ್ಲೆಲ್ಲಾ ಹರಡಿತು. ೧೭೬೯ರಲ್ಲಿ ಜಾನ್ ಬರ್ಕನ್‌ಹೌಟ್ ಎಂಬಾತ ಅದು ನಾರ್ವೆಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದಿತೆಂದು ಭಾವಿಸಿ ನಾರ್ವೆಯ ಇಲಿಯೆಂದು ಹೆಸರಿಟ್ಟ. ನಾರ್ವೆಗೂ ಅದಕ್ಕೂ ವಿಶೇಷ ಸಂಬಂಧವೇನೂ ಇಲ್ಲ. ಹೆಸರು ಮಾತ್ರ ಶಾಸ್ತ್ರಗ್ರಂಥಗಳಲ್ಲಿ ಇಂದಿಗೂ ನಿಂತಿದೆ.

ಕೊಲ್ಲತಕ್ಕ ಪ್ರಾಣಿ ಸಾಕತಕ್ಕ ಪ್ರಾಣಿಯಾದ ಕಥೆ ನಡೆದದ್ದು ಲಂಡನ್ನಿನಲ್ಲಿ. ಅದನ್ನು ಆರಂಭಿಸಿದವರೂ ಕೊಲ್ಲುವವರೇ. ೧೮೩೫ರಲ್ಲಿ ಅಲ್ಲಿನ ಶಾಸನ ಗೂಳಿ ಕರಡಿಗಳ ಮೇಲೆ ನಾಯಿಗಳನ್ನು ಬಿಟ್ಟು ನೋಡುವ ವಿನೋದವನ್ನು ನಿಷೇಧಿಸಿತು. ವಿನೋದಪ್ರಿಯರು ಇಲಿಯ ಕಡೆ ತಿರುಗಿದರು. ಪಾನಗೃಹಗಳಲ್ಲಿ ಕಟ್ಟೆ ಕಟ್ಟಿದ ಕುಣಿಯೊಳಕ್ಕೆ ಇಲಿಗಳನ್ನು ಸುರಿದು, ಒಂದು ನಾಯಿ ಎಷ್ಟು ನಿಮಿಷದಲ್ಲಿ ಎಷ್ಟನ್ನು ಕೊಲ್ಲುವುದೆಂದು ಪಣ ಕಟ್ಟುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ನಮ್ಮ ಗಾದೆಯಲ್ಲಿ ಬೆಕ್ಕಿಗಾದರೂ ಹಸಿವಿನ ನೆಪವುಂಟು. ಈ ಕುಣಿಗಳಿಗೆ ಇಲಿ ಒದಗಿಸುವವರ ಕೈಗೆ ಆಗಾಗ ಬಿಳಿಯದೋ ಮಚ್ಚೆಯುಳ್ಳದ್ದೋ ವಿಚಿತ್ರವಾದೊಂದು ಇಲಿ ಸಿಕ್ಕುತ್ತಿತ್ತು. ವಿಕ್ಟೋರಿಯಾ ರಾಣಿಯವರ ಇಲಿಗಾರನೆಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬವನೊಬ್ಬನಿದ್ದ. ಎರಕದ ಇಲಿಗಳ ಮೂರ್ತಿ ಕೂರಿಸಿದ ಪಟ್ಟಿಯೊಂದನ್ನು ಮೈಗೆ ಅಡ್ಡವಾಗಿ ಧರಿಸಿ ಬೀದಿಯಲ್ಲಿ ನಿಲ್ಲುವ ಆಳು. ಇಲಿ ಕಚ್ಚಿ ಸಾವಿನ ಬಾಗಿಲಿಗೆ ಹೋಗಿಬಂದವನು. ಇವನು ಬಣ್ಣದ ಇಲಿಗಳನ್ನು ಕೊಲ್ಲದೆ ಬೇರೆಯಿಟ್ಟು, ಮರಿಮಾಡಿಸಿ, ದೊಡ್ಡ ಮನೆಯ ಹೆಣ್ಣುಮಕ್ಕಳಿಗೆ ಮಾರಿದ. ಅವರು ಅವನ್ನು ಅಳಿಲಿನ ಪಂಜರಗಳಲ್ಲಿ ಇಟ್ಟುಕೊಂಡರೆಂದು ಹೆನ್ರಿ ಮೇಹ್ಯೂ ಎಂಬ ಪತ್ರಿಕಾಕರ್ತನ ಬರೆಹದಿಂದ ತಿಳಿಯುತ್ತದೆ.

ಮುಂದಿನದು ಹೆಚ್ಚು ಗೌರವದ ಕಥೆ. ೧೯೦೧ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆ, ಚಿಟ್ಟಿಲಿಗಳನ್ನು ಪ್ರದರ್ಶಿಸುತ್ತಿದ್ದ ಸಂಘವೊಂದಕ್ಕೆ ಪತ್ರ ಬರೆದು ಇಲಿಗಳಿಗೂ ಅಲ್ಲಿ ಸ್ಥಾನ ದೊರಕಿಸಿದಳು. ಆ ವರ್ಷದ ಅಕ್ಟೋಬರಿನಲ್ಲಿ ಏಲ್ಸ್‌ಬರಿಯ ಪ್ರದರ್ಶನದಲ್ಲಿ ಬಹುಮಾನವನ್ನೂ ಪಡೆದಳು. ೧೯೨೧ರಲ್ಲಿ ಆಕೆ ತೀರಿಕೊಂಡ ಮೇಲೆ ಉತ್ಸಾಹ ಇಳಿಯಿತು. ಇಲಿಗಳಿಗೇ ಮೀಸಲಾದ ಸಂಘ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ೧೯೭೬ರಲ್ಲಿ. ಮಕ್ಕಳ ಕಥೆಗಳನ್ನು ಬರೆದ ಬೀಯಟ್ರಿಕ್ಸ್ ಪಾಟರ್ ತನ್ನ ೧೯೦೮ರ ಪುಸ್ತಕವೊಂದನ್ನು ತಾನು ಸಾಕಿದ್ದ ಸ್ಯಾಮಿ ಎಂಬ ಬಿಳಿಯ ಇಲಿಗೆ ಅರ್ಪಿಸಿದಳು. ಪುಸ್ತಕದೊಳಗಿನ ಇಲಿ ಮಾತ್ರ ಕಳ್ಳ. ಸಾಕಿದವಳಿಗೂ ಆ ಹಳೆಯ ಆಪಾದನೆಯನ್ನು ಕೈಬಿಡಲಾಗಲಿಲ್ಲ. ಇದೇ ಕಾಲಕ್ಕೆ ಇಲಿ ಪ್ರಯೋಗಶಾಲೆಗೂ ಹೋಯಿತು. ೧೯೦೬ರಿಂದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಬೆಳೆದ ಬಿಳಿಯ ಇಲಿಗಳ ಸಂತಾನ ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲಾ ಹಬ್ಬಿತು. ನಾವು ನುಂಗುವ ಔಷಧಗಳಲ್ಲಿ ಎಷ್ಟನ್ನು ಅವು ನಮಗಿಂತ ಮೊದಲು ನುಂಗಿವೆಯೆಂಬ ಲೆಕ್ಕ ಯಾರಿಗೂ ಸುಲಭವಲ್ಲ.

ಇನ್ನು ಸಾಕುವ ಕ್ರಮ. ಇದರಲ್ಲಿ ನಾನು ಪಂಡಿತನಲ್ಲ. ಪೆಟ್ಟು ತಿಂದು ಕಲಿತವನು. ಪೆಟ್ಟು ಬಿದ್ದದ್ದು ಇಲಿಗೆ ಎಂಬುದನ್ನೂ ಹೇಳಿಬಿಡಬೇಕು. ನನ್ನ ಮಗಳ ಒತ್ತಾಯಕ್ಕೆ ಒಂದು ಬಿಳಿಯ ಇಲಿಮರಿಯನ್ನು ತಂದೆ. ಮಲ್ಲಿಯೆಂದು ಹೆಸರಾಯಿತು. ಮಾರಿದವನು ಒಂದೇ ಸಾಕು, ಬೇಗ ಹೊಂದಿಕೊಳ್ಳುತ್ತದೆಯೆಂದ. ಹಾಸಲು ಬಡಗಿಯ ಅಂಗಡಿಯಿಂದ ಸುವಾಸನೆಯ ಮರದ ಹೊಟ್ಟು ತಂದೆ. ಆ ಪರಿಮಳ ನನಗೆ ಹಿತವಾಗಿತ್ತು. ಪಂಜರವನ್ನು ಬೆಳಕಿರಲೆಂದು ಪಡುವಣ ಕಿಟಕಿಯ ಬಳಿ ಇಟ್ಟೆ. ಮೂರು ತಿಂಗಳಲ್ಲಿ ಅದು ಸೀನತೊಡಗಿತು. ಕಣ್ಣು ಮೂಗುಗಳ ಸುತ್ತ ಕೆಂಪು ಕಟ್ಟಿತು. ನಾನು ಗಾಯವೆಂದುಕೊಂಡು ಒರೆಸಿದೆ. ಏಪ್ರಿಲಿನ ಒಂದು ಮಧ್ಯಾಹ್ನ ಕಾಲೇಜಿನಿಂದ ಬರುವ ವೇಳೆಗೆ ಪಂಜರದ ಮೂಲೆಯಲ್ಲಿ ಚಾಚಿ ಮಲಗಿತ್ತು. ಮಗಳು ಏಕೆಂದು ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಓದಿಕೊಂಡ ಮೇಲೆ ಉತ್ತರ ಸಿಕ್ಕಿತು. ಹೇಳುವುದಕ್ಕೆ ಮತ್ತೂ ಕೆಲವು ದಿನ ಬೇಕಾಯಿತು.

ಇಲಿ ಒಂಟಿಯಾಗಿ ಬಾಳತಕ್ಕ ಪ್ರಾಣಿಯಲ್ಲ. ಒಂದರ ಮೈಯನ್ನು ಇನ್ನೊಂದು ನೆಕ್ಕಿ ಸವರಬೇಕು, ಒಂದರ ಮೇಲೊಂದು ರಾಶಿಯಾಗಿ ಮಲಗಬೇಕು, ಆಗಾಗ ಕುಸ್ತಿಯಾಡಬೇಕು. ಮನುಷ್ಯನು ದಿನಕ್ಕೆ ಒಂದೆರಡು ಗಂಟೆ ಕೊಡುವ ಸಹವಾಸ ಇದಕ್ಕೆ ಬದಲಾಗುವುದಿಲ್ಲ. ಆದುದರಿಂದ ಇಬ್ಬರು ಅಕ್ಕತಂಗಿಯರನ್ನೋ ಅಣ್ಣತಮ್ಮಂದಿರನ್ನೋ ಒಟ್ಟಿಗೆ ತರಬೇಕು. ಗಂಡು ಹೆಣ್ಣುಗಳನ್ನು ಕೂಡಿಸುವ ಯೋಚನೆ ಯಾರಿಗಾದರೂ ಇದ್ದರೆ ಈ ಲೆಕ್ಕವನ್ನು ಗಮನಿಸಲಿ. ಐದು ವಾರಕ್ಕೆ ಮರಿಗಳು ಪ್ರಾಯಕ್ಕೆ ಬರುತ್ತವೆ. ಗರ್ಭದ ಕಾಲ ೨೧ ರಿಂದ ೨೩ ದಿನ. ಒಂದು ಸೂಲಿಗೆ ಎಂಟು ಹತ್ತು ಮರಿಗಳು ಸಾಮಾನ್ಯ. ಹೆತ್ತ ಮರುದಿನದೊಳಗೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ನನ್ನ ಮಿತ್ರರ ಪಾಷಾಣದ ಪ್ರಶ್ನೆ ಆಗ ಮತ್ತೆ ಏಳುತ್ತದೆ.

ಹಾಸಿಗೆಯ ವಿಷಯ ಇನ್ನೂ ಮುಖ್ಯ. ದೇವದಾರು, ಪೈನ್ ಮೊದಲಾದ ಮರಗಳ ಹೊಟ್ಟಿನ ಪರಿಮಳವೇ ಅವಕ್ಕೆ ಶತ್ರು. ಆ ಆವಿ ಶ್ವಾಸನಾಳವನ್ನು ಕೆರಳಿಸುತ್ತದೆ. ಮೂತ್ರದಿಂದೇಳುವ ಅಮೋನಿಯಾ ಎರಡನೆಯ ಶತ್ರು. ಸಾಕುವ ಇಲಿಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಮೈಕೋಪ್ಲಾಸ್ಮ ಎಂಬ ಸೂಕ್ಷ್ಮಜೀವಿಯನ್ನು ಶ್ವಾಸಕೋಶದಲ್ಲಿ ಇಟ್ಟುಕೊಂಡೇ ಇರುತ್ತವೆ. ಮನುಷ್ಯನಿಗೆ ಅದರಿಂದ ತೊಂದರೆಯಿಲ್ಲ. ಇಲಿಗೆ ಗಾಳಿ ಕೆಟ್ಟೊಡನೆ ಅದು ತಲೆಯೆತ್ತುತ್ತದೆ. ಹಾಸಲು ಸಣ್ಣಗೆ ಸೀಳಿದ, ಮಸಿ ಹತ್ತದ ಕಾಗದವೋ ಹತ್ತಿಯ ಬಟ್ಟೆಯೋ ಸಾಕು. ಅದನ್ನು ಆಗಾಗ ಬದಲಿಸಬೇಕು. ಕಣ್ಣಿನ ಸುತ್ತ ಕಟ್ಟುವ ಕೆಂಪು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯೊಂದರಿಂದ ಬರುವ ವರ್ಣದ್ರವ್ಯ ಅದು. ಸ್ವಲ್ಪವಿದ್ದರೆ ಭಯವಿಲ್ಲ, ಹೆಚ್ಚಿದರೆ ರೋಗವೋ ಕ್ಲೇಶವೋ ಇದೆಯೆಂದು ತಿಳಿಯಬೇಕು. ಉಸಿರಾಡುವಾಗ ಪಕ್ಕೆಗಳು ಒಳಕ್ಕೆ ಸೆಳೆದರೆ, ಎದೆಯಲ್ಲಿ ಗೊರಗೊರ ಶಬ್ದ ಕೇಳಿದರೆ, ಆ ದಿನವೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ನಾಳೆ ನೋಡೋಣವೆಂಬ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಅದರ ಆಯುಸ್ಸಿನಲ್ಲಿ ನಮ್ಮ ಒಂದು ದಿನ ದೊಡ್ಡ ದಿನ.

ಇಲಿ ಬೆವರುವುದಿಲ್ಲ. ಮೈಯ ಕಾವನ್ನು ಅದು ಹೊರಹಾಕುವುದು ಮುಖ್ಯವಾಗಿ ಬಾಲದಿಂದ. ರೋಮವಿಲ್ಲದ ಆ ಬಾಲವನ್ನು ಕಂಡೇ ಹಲವರಿಗೆ ಅಸಹ್ಯ. ಇಲಿಗೆ ಅದೇ ಬೀಸಣಿಗೆ. ೩೦ ಡಿಗ್ರಿಗೆ ಮೇಲೆ ಕಾವೇರಿದರೆ ಬೀಸಣಿಗೆಗೂ ಸಾಲದು. ಆದುದರಿಂದ ಪಂಜರವನ್ನು ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಬೇಕು. ಬೇಸಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ನೀರಿನ ಸೀಸೆಯೊಂದನ್ನು ಒಳಗಿಟ್ಟರೆ ಅದಕ್ಕೆ ಒರಗಿ ಮಲಗುತ್ತವೆ. ಪಂಜರದ ನೆಲ ಬರಿಯ ತಂತಿಯದಾಗಿರಬಾರದು, ಅಂಗಾಲು ಹುಣ್ಣಾಗುತ್ತದೆ. ಹತ್ತಲು ಹಗ್ಗ, ಅಡಗಲು ಒಡೆದ ಮಡಕೆ, ಕಡಿಯಲು ಗಟ್ಟಿ ಕಟ್ಟಿಗೆ ಬೇಕು. ಮುಂಬಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವಾದುದರಿಂದ ಸವೆಸದೆ ಗತಿಯಿಲ್ಲ.

ಆಹಾರದ ವಿಚಾರ ಬೇಗ ಮುಗಿಯುತ್ತದೆ. ರಾಗಿ, ಗೋಧಿ, ಓಟ್ಸು, ಬೇಯಿಸಿದ ಬೇಳೆ, ಸೊಪ್ಪು, ಆಗಾಗ ಬೇಯಿಸಿದ ಮೊಟ್ಟೆಯ ಚೂರು. ಬೆಲ್ಲ, ಕರಿದ ತಿಂಡಿ, ಕಡಲೆಕಾಯಿಗಳನ್ನು ಅವು ಕೈಚಾಚಿ ಕೇಳುತ್ತವೆ. ಕೊಡುವ ಕೈಗೆ ಕಡಿವಾಣವಿರಲಿ, ಬೊಜ್ಜು ಬಂದ ಇಲಿ ಬೇಗ ಸಾಯುತ್ತದೆ. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲವೆಂಬುದು ನಿಮಗೆ ಆಶ್ಚರ್ಯವಾಗಬಹುದು. ಒಳಗೆ ಹೋದದ್ದು ಹಿಂದಕ್ಕೆ ಬಾರದ ಕಾರಣ ಅದು ಹೊಸ ಆಹಾರವನ್ನು ಮೂಸಿ, ಎಳ್ಳಷ್ಟು ರುಚಿ ನೋಡಿ, ಕಾಯುತ್ತದೆ. ಪಾಷಾಣವಿಡುವವರು ಸೋಲುವುದೂ ಇಲ್ಲಿಯೇ.

ಎತ್ತುವಾಗ ಬಾಲ ಹಿಡಿದು ಎಂದೂ ಎತ್ತಕೂಡದು. ಬಾಲದ ಚರ್ಮ ಕೈಗೆ ಕಳಚಿ ಬರುವುದುಂಟು. ಎರಡು ಕೈಗಳನ್ನೂ ಹೊಟ್ಟೆಯ ಕೆಳಗೆ ಕೊಡಬೇಕು. ಎತ್ತಿದ ಮೇಲೆ ಕೈ ತೊಳೆದುಕೊಳ್ಳಬೇಕು. ಕಾಡಿನ ಅಥವಾ ಚರಂಡಿಯ ಇಲಿಯನ್ನು ಹಿಡಿದು ಸಾಕುವ ಸಾಹಸ ಯಾರೂ ಮಾಡಬಾರದು. ಅವುಗಳ ಮೂತ್ರದಿಂದ ಬರುವ ಇಲಿಜ್ವರ ನಮ್ಮ ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ಜೀವ ತೆಗೆಯುತ್ತಿದೆ. ಸಾಕಿದ ಇಲಿಯೂ ಸರ್ವಥಾ ನಿರಪಾಯವಲ್ಲ. ೨೦೧೭ರಲ್ಲಿ ಅಮೆರಿಕದಲ್ಲಿ ಸಾಕಿದ ಇಲಿಗಳಿಂದ ಸಿಯೋಲ್ ವೈರಸ್ಸು ಮನುಷ್ಯರಿಗೆ ಹತ್ತಿತು. ಆದುದರಿಂದ ತೀರ ಎಳೆಯ ಕೂಸುಗಳಿರುವ ಮನೆಯಲ್ಲಿಯೂ ದೇಹಶಕ್ತಿ ಉಡುಗಿದವರಿರುವ ಮನೆಯಲ್ಲಿಯೂ ಈ ಹವ್ಯಾಸ ಬೇಡ.

ಇಷ್ಟೆಲ್ಲಾ ತೊಡಕಿಗೆ ಪ್ರತಿಫಲವೇನೆಂದು ನೀವು ಕೇಳಬಹುದು. ಮಲ್ಲಿಯ ನಂತರ ಒಂದು ವರ್ಷ ಬಿಟ್ಟು ಇಬ್ಬರು ಅಕ್ಕತಂಗಿಯರನ್ನು ತಂದೆವು. ಗಂಗೆ ಮತ್ತು ಗೌರಿ. ಒಂದು ವಾರ ನಾನು ಪಂಜರದೊಳಗೆ ಕೈಯಿಟ್ಟು ಸುಮ್ಮನೆ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಎಂಟನೆಯ ದಿನ ಗೌರಿ ತೋಳಿನ ಮೇಲೆ ಹತ್ತಿ ಅಂಗಿಯೊಳಗೆ ಇಳಿದು ನಿದ್ರೆಹೋಯಿತು. ಅಂದು ತಿದ್ದಿದ ಪತ್ರಿಕೆಗಳಲ್ಲಿ ಅಂಕಗಳು ಸ್ವಲ್ಪ ಉದಾರವಾಗಿ ಬಿದ್ದಿರಬೇಕು. ಹೆಸರು ಹಿಡಿದು ಕರೆದರೆ ಬರುತ್ತಿದ್ದವು. ಸುಖವಾಗಿದ್ದಾಗ ಹಲ್ಲುಗಳನ್ನು ಮೆಲ್ಲನೆ ತಿಕ್ಕುತ್ತಿದ್ದವು. ಆಗ ದವಡೆಯ ಸ್ನಾಯು ಒತ್ತಿ ಕಣ್ಣುಗುಡ್ಡೆಗಳು ಒಳಗೂ ಹೊರಗೂ ಕುಣಿಯುತ್ತವೆ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ.

ಬಾನುಲಿಯಲ್ಲಿ ಮಾತನಾಡುವವನು ಒಂದು ಸಂಗತಿಯನ್ನು ಹೇಳದೆ ಬಿಡಬಾರದು. ೧೯೯೦ರ ದಶಕದ ಕೊನೆಯಲ್ಲಿ ಅಮೆರಿಕದ ಒಹಾಯೋ ಪ್ರಾಂತದಲ್ಲಿ ಯಾಕ್ ಪ್ಯಾಂಕ್‌ಸೆಪ್ ಎಂಬ ವಿದ್ವಾಂಸರು, ಆಡುವಾಗ ಇಲಿಗಳು ಹೊರಡಿಸುವ ಸೂಕ್ಷ್ಮಧ್ವನಿಯನ್ನು ಯಂತ್ರದಿಂದ ಕೇಳುತ್ತಿದ್ದರು. ಅವುಗಳ ಕತ್ತಿನ ಹಿಂಭಾಗಕ್ಕೂ ಹೊಟ್ಟೆಗೂ ಬೆರಳಿನಿಂದ ಕಚಗುಳಿಯಿಟ್ಟಾಗ ಆ ಧ್ವನಿ ಮತ್ತಷ್ಟು ಹೆಚ್ಚಿತು. ಕಚಗುಳಿಯಿಟ್ಟ ಕೈಯನ್ನು ಅವು ಬೆನ್ನಟ್ಟಿ ಬಂದವು. ಸೆಕೆಂಡಿಗೆ ಸುಮಾರು ೫೦,೦೦೦ ಕಂಪನಗಳ ಧ್ವನಿ ಅದು. ಮನುಷ್ಯನ ಕಿವಿ ೨೦,೦೦೦ಕ್ಕೆ ನಿಂತುಬಿಡುತ್ತದೆ. ಅವರು ಅದನ್ನು ನಗುವೆಂದೇ ಕರೆದರು. ಆ ಮಾತನ್ನು ಒಪ್ಪದ ವಿದ್ವಾಂಸರೂ ಉಂಟು. ನಗುವೋ ಅಲ್ಲವೋ, ಸಾವಿರಾರು ವರ್ಷ ಒಂದೇ ಸೂರಿನಡಿ ಬಾಳಿದ ನೆರೆಯವರ ಸಂತೋಷದ ಸದ್ದು ನಮಗೆ ಒಂದು ದಿನವೂ ಕೇಳಿಸಿರಲಿಲ್ಲ. ಈ ಯಂತ್ರದ ಮುಂದೆ ಇಲಿಯೊಂದನ್ನು ತಂದು ನಗಿಸಿದರೂ ಅದು ನಿಮ್ಮನ್ನು ಮುಟ್ಟಲಾರದು. ೨೦೧೧ರಲ್ಲಿ ಶಿಕಾಗೋದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಒಂದು ಇಲಿಯನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿದರೆ, ಜೊತೆಯ ಇಲಿ ಕೆಲವು ದಿನಗಳಲ್ಲಿ ಬಾಗಿಲು ತೆರೆಯುವ ಬಗೆಯನ್ನು ಕಲಿತು ಅದನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟಿನ ಚೂರುಗಳನ್ನಿಟ್ಟರೆ, ಅನೇಕ ವೇಳೆ ಗೆಳೆಯನಿಗೂ ಪಾಲು ಉಳಿಯಿತು.

ಇಲಿಯ ಆಯುಸ್ಸು ಎರಡು ಅಥವಾ ಮೂರು ವರ್ಷ. ಸಾಕುವವರು ಇದನ್ನು ತಿಳಿದೇ ಸಾಕಬೇಕು. ತಿಳಿದಿರುವುದು ಒಂದು, ಆಗುವುದು ಇನ್ನೊಂದು. ಹೆಣ್ಣಿಲಿಗಳಿಗೆ ಸ್ತನದ ಗಡ್ಡೆ ಬರುವುದು ಬಹು ಸಾಮಾನ್ಯ. ಆ ಗ್ರಂಥಿಗಳು ಕತ್ತಿನಿಂದ ತೊಡೆಯ ಸಂದಿಯವರೆಗೆ ಹಬ್ಬಿರುವುದರಿಂದ ಗಡ್ಡೆ ಎಲ್ಲಿಯಾದರೂ ಏಳಬಹುದು. ಹೆಚ್ಚಿನವು ಸೌಮ್ಯವಾದುವು, ಶಸ್ತ್ರದಿಂದ ತೆಗೆಯಬಹುದು. ತೆಗೆದ ಮೇಲೆ ಇನ್ನೊಂದು ಕಡೆ ಏಳುವುದೂ ಉಂಟು. ಗೌರಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಎರಡನೆಯ ಗಡ್ಡೆ ಬಂತು. ಅದು ನಡೆಯುವುದಕ್ಕೆ ಕಷ್ಟಪಡುತ್ತಿತ್ತು, ಆದರೆ ಉಣ್ಣುತ್ತಿತ್ತು. ಎಲ್ಲಿಯವರೆಗೆ ಇಟ್ಟುಕೊಳ್ಳುವುದು ದಯೆ, ಎಲ್ಲಿಂದ ಮುಂದೆ ಅದು ನಮ್ಮ ಆಸೆಗಾಗಿ ಅದಕ್ಕೆ ಕೊಡುವ ಹಿಂಸೆ? ನಾನು ತರಗತಿಯಲ್ಲಿ ಇಂತಹ ಪ್ರಶ್ನೆಗಳನ್ನು ಎಷ್ಟೋ ಸಲ ಕೇಳಿದ್ದೇನೆ. ಉತ್ತರಕ್ಕೆ ಅಂಕ ಕೊಟ್ಟಿದ್ದೇನೆ. ಮಗಳೇ ನಿರ್ಧರಿಸಿದಳು. “ತಿನ್ನುವುದನ್ನು ಬಿಟ್ಟ ದಿನ” ಎಂದಳು. ಆ ದಿನ ಬಂದಾಗ ವೈದ್ಯರ ಮೇಜಿನ ಬಳಿ ಅವಳೇ ಹಿಡಿದುಕೊಂಡಳು. ನಾನು ಹೊರಗೆ ನಿಂತಿದ್ದೆ.

ಆಗ ಗಂಗೆ ಒಂಟಿಯಾಯಿತು. ಇಲಿ ಸಾಕುವವರೆಲ್ಲರಿಗೂ ಬರುವ ತೊಡಕು ಇದು. ಎರಡನ್ನು ತಂದವನಿಗೆ ಕೊನೆಯಲ್ಲಿ ಒಂದು ಉಳಿಯುತ್ತದೆ. ಅದಕ್ಕೆ ಜೊತೆ ತಂದರೆ ಆ ಜೊತೆಗೆ ಮುಂದೆ ಜೊತೆ ಬೇಕು. ಸರಪಣಿ ಮುಗಿಯುವುದೇ ಇಲ್ಲ. ಇಲ್ಲಿಗೆ ಸಾಕೆಂದು ನನ್ನ ಹೆಂಡತಿ ಹೇಳಿದ್ದಳು. ಗಂಗೆ ಗೌರಿಯ ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಪಂಜರದಲ್ಲಿ ಅಲೆಯುವುದನ್ನು ಎರಡು ದಿನ ನೋಡಿ, ಮೂರನೆಯ ದಿನ ಎರಡು ಮರಿಗಳನ್ನು ತರುವಂತೆ ಹೇಳಿದವಳೂ ಅವಳೇ. ಹೊಸಬರನ್ನು ಒಮ್ಮೆಗೇ ಒಳಗೆ ಬಿಡಬಾರದು. ಮೊದಲು ಎರಡು ವಾರ ಬೇರೆ ಕೋಣೆಯಲ್ಲಿಟ್ಟು ರೋಗವಿಲ್ಲವೆಂದು ನೋಡಿಕೊಂಡೆವು. ಬಳಿಕ ಪಂಜರಗಳನ್ನು ಅಕ್ಕಪಕ್ಕದಲ್ಲಿಟ್ಟು ಹಾಸಿಗೆಯ ಬಟ್ಟೆಗಳನ್ನು ಅದಲುಬದಲು ಮಾಡಿದೆವು. ಅನಂತರ ಯಾರ ವಾಸನೆಯೂ ಇಲ್ಲದ ಸ್ನಾನದ ಮನೆಯ ನೆಲದ ಮೇಲೆ ಮೂರನ್ನೂ ಬಿಟ್ಟೆವು. ಗಂಗೆ ರೋಮ ನಿಮಿರಿಸಿ, ಅಡ್ಡಡ್ಡವಾಗಿ ನಡೆದು, ಮರಿಗಳನ್ನು ಒಂದೊಂದಾಗಿ ಅಂಗಾತ ಕೆಡವಿ, ಅವು ಕೀಚೆಂದು ಕೂಗುವವರೆಗೂ ಒತ್ತಿ ಹಿಡಿಯಿತು. ರಕ್ತ ಬಾರದಿದ್ದರೆ ನಡುವೆ ಹೋಗಬಾರದು. ಐದು ಸಂಜೆ ಹೀಗಾಯಿತು. ಆರನೆಯ ರಾತ್ರಿ ಮೂರನ್ನೂ ಒಂದೇ ಪಂಜರದಲ್ಲಿ ಬಿಟ್ಟು, ದೀಪವಾರಿಸಿ, ನಾವು ಮೂವರೂ ಬಾಗಿಲ ಬಳಿ ಕಿವಿಗೊಟ್ಟು ಕುಳಿತೆವು. ಏನೂ ಕೇಳಿಸಲಿಲ್ಲ. ಬೆಳಗ್ಗೆ ನೋಡಿದಾಗ ಮಡಕೆಯೊಳಗೆ ಗಂಗೆ ಗೌರಿಯ ಬಟ್ಟೆಯ ಮೇಲೆ ಮಲಗಿತ್ತು. ಮರಿಗಳೆರಡೂ ಅದರ ಬೆನ್ನ ಮೇಲಿದ್ದವು.